ಲ್ಯಾಪ್‌ಟಾಪ್ ತಳ ಬಿಡಿಸಲು ಗಿಟಾರ್ ಪಿಕ್, ಎಟಿಎಂ ಕಾರ್ಡ್, ಸ್ಟೀಲ್ ಪಟ್ಟಿ: ನನ್ನ ಓಟು ಪಿಕ್‌ಗೆ

ರ್‍ಯಾಮ್ ಹಾಕುವುದು ಎರಡು ನಿಮಿಷದ ಕೆಲಸ. ಸ್ಕ್ರೂ ಎಲ್ಲ ಬಿಚ್ಚಿದ ಮೇಲೂ ತಳದ ಮುಚ್ಚಳ ಅಲುಗಾಡದೆ ಕೂತಿರುತ್ತದಲ್ಲ, ಪಜೀತಿ ಅಲ್ಲಿ. ಅದನ್ನು ಮೀಟಲು ಮೂರನ್ನೂ ಬಳಸಿ ನೋಡಿದ್ದೇನೆ. ಟೂಲ್ ಡಬ್ಬಿಯಲ್ಲಿ ಉಳಿದದ್ದು ಪಿಕ್, ಅಂದರೆ ಗಿಟಾರ್ ತಂತಿ ಮೀಟುವ ಪುಟ್ಟ ಬಿಲ್ಲೆ.

ಬಿಚ್ಚುವ ಮೊದಲು ಬಿಚ್ಚಬೇಕೇ ಎಂದು ನೋಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ 'ರೋ ಆಫ್ ಚಿಪ್ಸ್' ಎಂದಿದ್ದರೆ ಆ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಅದರ ಜೊತೆಗೆ ಬೇರೆ ಸ್ಲಾಟ್ ಇಲ್ಲದಿದ್ದರೆ ಈ ಸಾಹಸ ಅಲ್ಲಿಗೇ ಮುಗಿಯಿತು.

ಹಳೆ ಎಟಿಎಂ ಕಾರ್ಡ್ ಬಿಟ್ಟಿ ಸಿಗುತ್ತದೆ, ಅಷ್ಟೇ ಅದರ ಗುಣ. ಕಾರ್ಡಿನ ದಪ್ಪ 0.76 ಮಿ.ಮೀ., ಸಾಮಾನ್ಯ ಮೀಡಿಯಂ ಪಿಕ್‌ನದು 0.71. ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ, ಆದರೆ ಕಾರ್ಡಿನ ಅಂಚು ನೇರ ಕತ್ತರಿಸಿದ್ದು. ಸಂದಿನ ಬಾಯಿಗೆ ಮುಟ್ಟಿ ನಿಲ್ಲುತ್ತದೆ. ಪಿಕ್‌ನ ತುದಿ ನುಣುಪಾಗಿ ತೆಳುವಾಗಿರುವುದರಿಂದ ಒಳಗೆ ಜಾರುತ್ತದೆ. 0.46ರ ತೆಳು ಪಿಕ್ ಬೇಡ, ಮುಚ್ಚಳವನ್ನು ಒಳಗಿಂದ ಹಿಡಿದಿರುವ ಕ್ಲಿಪ್ ಸಿಕ್ಕೊಡನೆ ಬಾಗುತ್ತದೆ. ಎರಡು ಪಿಕ್ ಇರಲಿ: ಬಿಟ್ಟ ಮೂಲೆಯಲ್ಲಿ ಒಂದನ್ನು ಸಿಕ್ಕಿಸಿಟ್ಟು, ಇನ್ನೊಂದನ್ನು ಅಂಚಿನುದ್ದಕ್ಕೆ ಎಳೆದುಕೊಂಡು ಹೋಗಬೇಕು. ಇಲ್ಲವಾದರೆ ಬಿಟ್ಟ ಕ್ಲಿಪ್ ಹಿಂದೆಯೇ ಮತ್ತೆ ಕಚ್ಚಿಕೊಳ್ಳುತ್ತದೆ. ಮೂರ್ನಾಲ್ಕು ಮಿ.ಮೀ.ಗಿಂತ ಆಳಕ್ಕೆ ತೂರಿಸಬೇಡಿ.

ಸ್ಟೀಲ್ ಪಟ್ಟಿ ಎಂಥ ಬಿಗಿ ಸಂದಿಗೂ ಹೋಗುತ್ತದೆ, ನಿಜ. ಹೋದಲ್ಲೆಲ್ಲ ಗೀರು ಬಿಟ್ಟು ಬರುತ್ತದೆ. ಅಲ್ಯೂಮಿನಿಯಂ ಅಂಚು ಒಮ್ಮೆ ನೆಗ್ಗಿದರೆ ಮುಚ್ಚಳ ಮತ್ತೆ ಸರಿಯಾಗಿ ಕೂರುವುದಿಲ್ಲ. ಅಂಚಿನ ಹತ್ತಿರವೇ ಬ್ಯಾಟರಿ ಇರುವ ಮಾದರಿಗಳಲ್ಲಂತೂ ಲೋಹ ಒಳಗೆ ಹೋಗುವುದೇ ಬೇಡ.

ಈ ಮೂರರಲ್ಲಿ ಯಾವುದನ್ನು ಹಿಡಿದರೂ ತಲೆ ಕೆಡಿಸುವುದು ಅಡಗಿದ ಸ್ಕ್ರೂ. ಹಲವು ಮನೆಬಳಕೆಯ ಮಾದರಿಗಳಲ್ಲಿ ತಳದ ಉದ್ದನೆ ರಬ್ಬರ್ ಪಟ್ಟಿಯ ಕೆಳಗೆ ಸ್ಕ್ರೂಗಳಿರುತ್ತವೆ. ಮೂರು ಬದಿ ಸಲೀಸಾಗಿ ಬಿಟ್ಟು ನಾಲ್ಕನೆಯದು ಮಾತ್ರ ಮಧ್ಯದಲ್ಲಿ ಎಳೆದು ಹಿಡಿದಂತೆ ಬಾಗಿದರೆ ಅದು ಕ್ಲಿಪ್ ಅಲ್ಲ, ಸ್ಕ್ರೂ. ಅಲ್ಲಿ ಬಲ ಹಾಕಿದರೆ ಸ್ಕ್ರೂ ಕೂರುವ ಪ್ಲಾಸ್ಟಿಕ್ ಕಂಬವೇ ಮುರಿದು ಬರುತ್ತದೆ. ಕಂಬ ಹಿಂಜ್ ಪಕ್ಕದ್ದಾದರೆ ಪರದೆ ಮಡಚುವಾಗಲೆಲ್ಲ ತಳ ಬಾಯಿಬಿಡುತ್ತದೆ.

ರಬ್ಬರ್ ಪಟ್ಟಿಗೆ ಹೇರ್ ಡ್ರೈಯರ್‌ನಿಂದ ಅರೆ ನಿಮಿಷ ಬಿಸಿ ಕೊಟ್ಟು, ಒಂದು ತುದಿಯಿಂದ ಪಿಕ್ ತೂರಿಸಿ ನಿಧಾನಕ್ಕೆ ಎಬ್ಬಿಸಿ. ಸ್ಟೀಲ್ ಪಟ್ಟಿ ಇಲ್ಲಿ ರಬ್ಬರನ್ನೇ ಸೀಳುತ್ತದೆ. ಎಳೆದಾಡಿದ ಪಟ್ಟಿ ಉದ್ದವಾಗಿಬಿಡುತ್ತದೆ, ಆಮೇಲೆ ಅದರ ಗುಳಿಗೆ ಹೊಂದುವುದಿಲ್ಲ. ಅಂಟು ಸತ್ತಿದ್ದರೆ ತೆಳು ಡಬಲ್ ಸೈಡ್ ಟೇಪ್ ಸಾಕು. ಫೆವಿಕ್ವಿಕ್ ಹಾಕಿದರೆ ಮುಂದಿನ ಸಲ ಬಿಚ್ಚುವವರು ಶಾಪ ಹಾಕುತ್ತಾರೆ, ಆ ಬಿಚ್ಚುವವರು ನೀವೇ ಆಗಿರಬಹುದು.

ತೆಗೆದ ಸ್ಕ್ರೂಗಳನ್ನು ಹಾಳೆಯ ಮೇಲೆ ತಳದ ನಕ್ಷೆ ಗೀಚಿ ಅದೇ ಜಾಗದಲ್ಲಿ ಟೇಪ್ ಹಚ್ಚಿಡಿ. ಉದ್ದದ್ದು ಗಿಡ್ಡದ ಜಾಗಕ್ಕೆ ಹೋದರೆ ಕೀಬೋರ್ಡ್ ಪಕ್ಕ ಉಬ್ಬು ಬರುತ್ತದೆ.

ಒಳಗೆ ಹೋದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ರ್‍ಯಾಮ್ ಅನ್ನು ಓರೆಯಾಗಿ ಪೂರ್ತಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ಹಿಡಿಯುತ್ತವೆ. ಡಿಡಿಆರ್5, ಅಂದರೆ ಹೊಸ ಪೀಳಿಗೆಯ ರ್‍ಯಾಮ್ ಆದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇರಬಹುದು, ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ.

ವರ್ಷಕ್ಕೊಮ್ಮೆ ದೂಳು ತೆಗೆಯಲು, ಎಂದಾದರೊಮ್ಮೆ ರ್‍ಯಾಮ್ ಏರಿಸಲು ಬಿಚ್ಚುವವರಿಗೆ ಸಂಗೀತ ವಾದ್ಯದ ಅಂಗಡಿಯ ಎರಡು ಪಿಕ್ ಧಾರಾಳ. ದಿನವೂ ರಿಪೇರಿ ಮಾಡುವವರ ಕೈಗೆ ಸ್ಟೀಲ್ ಪಟ್ಟಿ ಒಗ್ಗಿರುತ್ತದೆ, ಅವರ ಮಾತು ಬೇರೆ. ಪಿಕ್‌ನಲ್ಲಿ ಉಳಿಸಿದ ದುಡ್ಡನ್ನು ಪ್ಲಸ್ ತುದಿಯ, ಪಿಎಚ್0 ಅಳತೆಯ ಒಳ್ಳೆಯ ಸ್ಕ್ರೂಡ್ರೈವರ್‌ಗೆ ಹಾಕಿ. ಕಿಟ್‌ಗಳಲ್ಲಿ ಬರುವ ಮೆತ್ತನೆ ಪಿಎಚ್00 ಬಿಟ್ ಅದಕ್ಕಿಂತ ಚಿಕ್ಕದು, ದೊಡ್ಡ ತಲೆಯಲ್ಲಿ ತಿರುಗಿ ಸ್ಕ್ರೂವನ್ನೇ ಸವೆಸುತ್ತದೆ.