ಕಡು ಬಣ್ಣದ ಕಾರಿಗೆ ಯಾವ ಪಾಲಿಶ್? ಬಹಳ ಕಾಲ ಬಳಸಿ ನೋಡಿದವನ ಅಭಿಪ್ರಾಯ

ನನ್ನದು ಕಡು ನೀಲಿ ಕಾರು. ನೆರಳಲ್ಲಿ ನೋಡಿದರೆ ಕಪ್ಪು ಅಂತಲೇ ಅನ್ನಬೇಕು, ಬಿಸಿಲಿಗೆ ತಂದರೆ ಮಾತ್ರ ನೀಲಿ. ಇರೋದು ಮೈಸೂರಲ್ಲಿ, ಕೆಲಸಕ್ಕೆ ಆಗಾಗ ಮಂಡ್ಯಕ್ಕೆ ಹೋಗಿ ಬರುತ್ತದೆ. ಈ ಗಾಡಿಗೆ ಕೆಲವು ವರ್ಷಗಳಿಂದ ಮೆಗ್ವಾಯರ್ಸ್ ಕಂಪನಿಯ ಅಲ್ಟಿಮೇಟ್ ಪಾಲಿಶ್ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಬೇರೆ ಬೇರೆ ಬಾಟಲಿಗಳನ್ನು ತಂದು ನೋಡಿದ್ದೂ ಆಗಿದೆ. ಪಾಲಿಶ್ ಚೆನ್ನಾಗಿದೆಯಾ ಅಂತ ಕೇಳಿದರೆ, ಹೌದು, ಚೆನ್ನಾಗಿದೆ, ಮತ್ತೆ ಇದನ್ನೇ ತರುತ್ತೇನೆ. ಆದರೆ ಯಾವ ಕೆಲಸಕ್ಕೆ ಚೆನ್ನಾಗಿದೆ, ಯಾವುದಕ್ಕೆ ಸಾಲದು ಅನ್ನೋದನ್ನು ಬಾಟಲಿ ಮೇಲೆ ಬರೆದಿರುವುದಿಲ್ಲ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ತೊಂದರೆ ಏನು ಅನ್ನೋದು. ಬಿಳಿ ಕಾರಿನ ಮೈಮೇಲೂ ಅಷ್ಟೇ ಗೀರುಗಳಿರುತ್ತವೆ, ಆದರೆ ಬಿಳಿ ಬಣ್ಣ ಬೆಳಕನ್ನೆಲ್ಲ ಚೆಲ್ಲಾಪಿಲ್ಲಿ ವಾಪಸ್ ಕಳಿಸುವುದರಿಂದ ಗೀರಿನ ಹೊಳಪು ಅದರಲ್ಲೇ ಸೇರಿಹೋಗುತ್ತದೆ. ಕಪ್ಪು, ಕಡು ನೀಲಿ, ಕಡು ಕೆಂಪು ಬಣ್ಣಗಳು ಬೆಳಕನ್ನು ನುಂಗುತ್ತವೆ. ಹಾಗಾಗಿ ಗೀರಿನ ಅಂಚಿಗೆ ಬಿದ್ದ ಬಿಸಿಲು ಮಾತ್ರ ಎದ್ದು ಕಾಣುತ್ತದೆ. ಸಂಜೆ ನಾಲ್ಕರ ಬಿಸಿಲಲ್ಲಿ ಬಾನೆಟ್ ಮೇಲೆ ಸೂರ್ಯನ ಬಿಂಬ ಕಾಣುವ ಹಾಗೆ ನಿಂತುಕೊಳ್ಳಿ. ಆ ಬಿಂಬದ ಸುತ್ತ ಜೇಡರ ಬಲೆ ಥರ ಸುತ್ತು ಸುತ್ತು ಗೆರೆಗಳು ಕಂಡರೆ ಅದೇ ಸ್ವಿರ್ಲ್ ಮಾರ್ಕ್. ಗೆರೆಗಳು ನಿಜವಾಗಿ ಸುತ್ತಾಗಿರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡವಾಗಿರುವ ಗೆರೆಗಳಷ್ಟೇ ಮಿನುಗುವುದರಿಂದ ವೃತ್ತದ ಹಾಗೆ ಕಾಣುತ್ತದೆ. ಇವು ಬಂದದ್ದು ಬಹುಪಾಲು ತೊಳೆಯುವಾಗ. ವಾಟರ್ ಸರ್ವೀಸ್ ಅಂಗಡಿಯಲ್ಲಿ ಬೆಳಗ್ಗೆಯಿಂದ ಹತ್ತು ಗಾಡಿ ಒರೆಸಿದ ಅದೇ ಬಟ್ಟೆ, ಅದೇ ಬಕೆಟ್. ಮಣ್ಣಿನ ಕಣ ಬಟ್ಟೆಯಲ್ಲೇ ಉಳಿದಿರುತ್ತದೆ.

ಇನ್ನು ಅಂಗಡಿಯಲ್ಲಿ ಬಾಟಲಿ ಕೊಳ್ಳುವಾಗ ಆಗುವ ಗೊಂದಲ. ಕಾಂಪೌಂಡ್, ಪಾಲಿಶ್, ಗ್ಲೇಜ್, ವ್ಯಾಕ್ಸ್, ನಾಲ್ಕಕ್ಕೂ ನಮ್ಮಲ್ಲಿ ಪಾಲಿಶ್ ಅಂತಲೇ ಹೇಳುತ್ತಾರೆ. ಕೆಲಸ ಮಾತ್ರ ಬೇರೆ ಬೇರೆ. ಕಾಂಪೌಂಡ್‌ನಲ್ಲಿ ಉಜ್ಜುವ ಪುಡಿ ಜೋರಾಗಿರುತ್ತದೆ, ಬಣ್ಣದ ಮೇಲಿನ ಪದರವನ್ನು ತೆಳುವಾಗಿ ಸವೆಸಿ ಗೀರನ್ನು ತೆಗೆಯುತ್ತದೆ. ಪಾಲಿಶ್ ಕೂಡ ಸವೆಸುತ್ತದೆ, ಆದರೆ ಪುಡಿ ನಯ. ಗ್ಲೇಜ್ ಏನನ್ನೂ ತೆಗೆಯುವುದಿಲ್ಲ, ಎಣ್ಣೆಯಿಂದ ಗೀರನ್ನು ತುಂಬಿ ಮುಚ್ಚುತ್ತದೆ. ವ್ಯಾಕ್ಸ್ ಇವೆಲ್ಲ ಆದ ಮೇಲೆ ಹಾಕುವ ಕಾಪು. ಗೀರು ಹೋಗಬೇಕು ಅಂತ ವ್ಯಾಕ್ಸ್ ತಂದು ಉಜ್ಜಿದರೆ ತೋಳು ನೋಯುತ್ತದೆ, ಗೀರು ಅಲ್ಲೇ ಇರುತ್ತದೆ.

ಅಂಗಡಿಯವರು ಕಪ್ಪು ಕಾರು ಅಂದ ತಕ್ಷಣ ಕಪ್ಪು ಬಾಟಲಿ ತೆಗೆದಿಡುತ್ತಾರೆ. ನನಗೂ ಹಾಗೇ ಆಯಿತು. "ಸಾರ್, ಡಾರ್ಕ್ ಗಾಡಿಗೆ ಬ್ಲಾಕ್ ಪಾಲಿಶೇ ಹಾಕ್ಬೇಕು, ಬೇರೇದು ಹಾಕಿದ್ರೆ ಬೆಳ್ಳಗಾಗುತ್ತೆ" ಅಂದರು. ತಂದು ಹಚ್ಚಿದೆ, ಅದೇ ದಿನ ನೋಡಿದರೆ ಬಾನೆಟ್ ಕನ್ನಡಿ ಹಾಗೆ. ಹೊಸ ಗಾಡಿ ತಗೊಂಡ್ರಾ ಅಂತ ಪಕ್ಕದ ಮನೆಯವರು ಕೇಳಿದರು. ಎರಡು ಜೋರು ಮಳೆ ಬಿದ್ದ ಮೇಲೆ, ಒಂದು ಸಲ ಶಾಂಪೂ ಹಾಕಿ ತೊಳೆದ ಮೇಲೆ, ಎಲ್ಲ ಗೀರೂ ವಾಪಸ್. ಗೀರು ನಿಜವಾಗಿ ಹೋಗಿದ್ದರೆ ತಾನೆ? ಬಣ್ಣ ಸೇರಿಸಿದ ಎಣ್ಣೆ ಅದರೊಳಗೆ ತುಂಬಿಕೊಂಡಿತ್ತು ಅಷ್ಟೇ. ಅದೂ ಅಲ್ಲದೆ ಬಾಗಿಲಿಗೆ ಒರಗಿದವರ ಬಿಳಿ ಅಂಗಿಗೆ ಮಸಿ ಅಂಟುತ್ತಿತ್ತು.

ಬಣ್ಣ ಸೇರಿಸಿದ ಪಾಲಿಶ್‌ಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮದುವೆಗೋ, ಗಾಡಿ ಮಾರುವ ದಿನಕ್ಕೋ ಒಂದು ದಿನ ಚೆನ್ನಾಗಿ ಕಾಣಬೇಕು ಅಂದರೆ ಅದು ಸಾಕು. ವರ್ಷಗಟ್ಟಲೆ ಇಟ್ಟುಕೊಳ್ಳುವ ಗಾಡಿಗೆ ನೋಡಬೇಕಾದದ್ದು ಬೇರೆ: ಗೀರನ್ನು ತೆಗೆಯುತ್ತದಾ, ಮುಚ್ಚುತ್ತದಾ? ಹೊಳಪು ಎಲ್ಲ ಬಾಟಲಿಯೂ ಕೊಡುತ್ತದೆ.

ತಿಳಿದುಕೊಳ್ಳಲು ಸುಲಭ ದಾರಿ ಇದೆ. ಬಾನೆಟ್ ಮಧ್ಯಕ್ಕೆ ಮಾಸ್ಕಿಂಗ್ ಟೇಪ್ ಹಾಕಿ, ಒಂದು ಕಡೆಗೆ ಮಾತ್ರ ಪಾಲಿಶ್ ಮಾಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ, ಒಂದು ಪಾಲಿಗೆ ಮೂರು ಪಾಲು ನೀರು, ಮೆತ್ತನೆ ಬಟ್ಟೆಯಿಂದ ಆ ಜಾಗ ಒರೆಸಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುತ್ತಾರಲ್ಲ, ಅದೇ ಆಲ್ಕೋಹಾಲ್. ಅದು ಎಣ್ಣೆಯನ್ನೆಲ್ಲ ಎತ್ತಿಬಿಡುತ್ತದೆ. ಆಮೇಲೆ ಟೇಪ್ ಕಿತ್ತು, ಬಿಸಿಲಿಗೆ ತಂದು ಎರಡೂ ಕಡೆ ಹೋಲಿಸಿ ನೋಡಿ. ಆಗ ಕಾಣುವುದೇ ಪಾಲಿಶ್ ಮಾಡಿದ ನಿಜವಾದ ಕೆಲಸ. ನನ್ನ ಆ ಕಪ್ಪು ಪಾಲಿಶ್ ಹಚ್ಚಿದ ಕಡೆಗೂ ಹಚ್ಚದ ಕಡೆಗೂ ಒರೆಸಿದ ಮೇಲೆ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ.

ಅಲ್ಟಿಮೇಟ್ ಪಾಲಿಶ್ ಈ ಪರೀಕ್ಷೆಯಲ್ಲಿ ಹೇಗೆ ಅಂದರೆ, ಎರಡು ಮಾತು ಹೇಳಬೇಕಾಗುತ್ತದೆ. ಇದರಲ್ಲಿ ನಯವಾದ ಪುಡಿಯೂ ಇದೆ, ಎಣ್ಣೆಯೂ ಧಾರಾಳವಾಗಿದೆ. ಕೈಯಲ್ಲಿ ಫೋಮ್ ಪ್ಯಾಡ್ ಹಿಡಿದು ಉಜ್ಜಿದರೆ ಮಂಕು ಹೋಗುತ್ತದೆ, ತೀರಾ ಸಣ್ಣ ಗೆರೆಗಳು ತಗ್ಗುತ್ತವೆ, ಬಣ್ಣ ಒದ್ದೆಯಾದ ಹಾಗೆ ಗಾಢವಾಗಿ ಕಾಣುತ್ತದೆ. ಆದರೆ ಆಲ್ಕೋಹಾಲ್ ಹಾಕಿ ಒರೆಸಿದರೆ ಸ್ವಲ್ಪ ಗೆರೆ ವಾಪಸ್ ಕಾಣುತ್ತವೆ, ಅಂದರೆ ಒಂದಿಷ್ಟು ತೆಗೆದಿದೆ, ಒಂದಿಷ್ಟು ಮುಚ್ಚಿದೆ. ಅದೇ ಬಾಟಲಿಯನ್ನು, ತಿರುಗುತ್ತಾ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್‌ಗೆ ಮೆತ್ತನೆ ಫೋಮ್ ಪ್ಯಾಡ್ ಹಾಕಿ ಬಳಸಿದಾಗ ಫಲಿತಾಂಶ ಬೇರೆಯೇ ಆಯಿತು. ಒರೆಸಿದ ಮೇಲೂ ಬಾನೆಟ್ ಸ್ವಚ್ಛ. ಹಾಗಾಗಿ ಕೈಯಲ್ಲೇ ಮಾಡುವವರು ಇದರಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮೆಷಿನ್ ಇದ್ದರೆ, ಸ್ನೇಹಿತರ ಹತ್ತಿರ ಸಿಗುವ ಹಾಗಿದ್ದರೆ, ಕಡು ಬಣ್ಣಕ್ಕೆ ಇದು ಬಹಳ ಒಳ್ಳೆಯ ಪಾಲಿಶ್.

ಮೆಷಿನ್ ಅಂದಾಗ ಒಂದು ಎಚ್ಚರಿಕೆ. ಗ್ಯಾರೇಜಿನಲ್ಲಿ ರಬ್ಬಿಂಗ್ ಮಾಡಿಸೋಣ ಅನ್ನುತ್ತಾರಲ್ಲ, ಅಲ್ಲಿ ಸಾಮಾನ್ಯವಾಗಿ ಇರೋದು ರೋಟರಿ ಮೆಷಿನ್, ಒಂದೇ ದಿಕ್ಕಿಗೆ ಗಿರ್ರನೆ ತಿರುಗುವಂಥದ್ದು, ಅದಕ್ಕೆ ಉಣ್ಣೆಯ ಪ್ಯಾಡ್. ಕೈ ಪಳಗಿದವರು ಅದರಲ್ಲೇ ಅದ್ಭುತವಾಗಿ ಮಾಡುತ್ತಾರೆ. ಆದರೆ ಅವಸರದಲ್ಲಿ ಮಾಡಿದರೆ ಕಡು ಬಣ್ಣದ ಮೇಲೆ ಹೊಗೆಯ ಹಾಗೆ ಓಡಾಡುವ ಪಟ್ಟೆಗಳು ಉಳಿಯುತ್ತವೆ, ನಾವು ಕದಲಿದರೆ ಅವೂ ಕದಲುತ್ತವೆ. ಹೋಲೋಗ್ರಾಮ್ ಅನ್ನುತ್ತಾರೆ. ಬೆಳ್ಳಿ ಬಣ್ಣದ ಗಾಡಿಯಲ್ಲಿ ಅದು ಯಾರಿಗೂ ಕಾಣದು, ಕಪ್ಪಿನಲ್ಲಿ ರಸ್ತೆಯ ಆಚೆಯಿಂದಲೇ ಕಾಣುತ್ತದೆ. ಡ್ಯುಯಲ್ ಆಕ್ಷನ್ ಮೆಷಿನ್ ತಿರುಗುತ್ತಾ ಅಲುಗಾಡುವುದೂ ಮಾಡುವುದರಿಂದ ಈ ತೊಂದರೆ ತುಂಬಾ ಕಡಿಮೆ. ರೋಟರಿ ಬಿಟ್ಟ ಪಟ್ಟೆ ತೆಗೆಯುವುದಕ್ಕೆ ಈ ಅಲ್ಟಿಮೇಟ್ ಪಾಲಿಶ್ ಹೇಳಿ ಮಾಡಿಸಿದ ಹಾಗಿದೆ.

ಗೀರು ಸ್ವಲ್ಪ ಆಳ ಇದ್ದರೆ ಪಾಲಿಶ್ ಒಂದೇ ಸಾಲದು, ಮೊದಲು ಅದೇ ಕಂಪನಿಯ ಅಲ್ಟಿಮೇಟ್ ಕಾಂಪೌಂಡ್, ಆಮೇಲೆ ಪಾಲಿಶ್. ಕಾಂಪೌಂಡ್ ಹಾಕಿ ಅಲ್ಲಿಗೇ ನಿಲ್ಲಿಸಿದರೆ ಕಡು ಬಣ್ಣದ ಮೇಲೆ ತೆಳು ಮಂಜಿನ ಥರ ಉಳಿಯಬಹುದು. ಆದರೂ ನಾನು ಯಾವಾಗಲೂ ಪಾಲಿಶ್‌ನಿಂದಲೇ ಶುರು ಮಾಡುತ್ತೇನೆ, ಅದು ಸೋತರೆ ಮಾತ್ರ ಕಾಂಪೌಂಡ್ ಮುಚ್ಚಳ ತೆಗೆಯುತ್ತೇನೆ. ಯಾಕೆಂದರೆ ಬಣ್ಣದ ಮೇಲಿನ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಪದರ, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್, ಲೆಕ್ಕ ಹಾಕಿ ನೋಡಿ. ಬಿಸಿಲಿನಿಂದ ಬಣ್ಣವನ್ನು ಕಾಯೋದು ಅದೇ ಪದರ. ಪ್ರತಿ ಸಲ ಉಜ್ಜಿದಾಗ ಅದರಲ್ಲಿ ಒಂದಿಷ್ಟು ಹೋಗುತ್ತದೆ, ಹೋದದ್ದು ಬರುವುದಿಲ್ಲ. ಬಾನೆಟ್ ಅಂಚು, ಬಾಗಿಲಿನ ಮಡಿಕೆ ಗೆರೆ ಇರುವ ಕಡೆ ಅದು ಇನ್ನೂ ತೆಳು, ಅಲ್ಲೆಲ್ಲ ಟೇಪ್ ಹಾಕಿಬಿಡಿ. ಉಗುರಿನಿಂದ ಗೀರಿನ ಮೇಲೆ ಅಡ್ಡ ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ನಿಂದ ಹೋಗುವ ಗೀರೇ ಅಲ್ಲ. ಅದಕ್ಕೆ ಬಣ್ಣ ತುಂಬುವ ಟಚಪ್ ಬೇಕು.

ಇನ್ನೊಂದು ವಿಷಯ, ಹಳೆಯ ಗಾಡಿ ಇರುವವರಿಗೆ. ಕ್ಲಿಯರ್ ಕೋಟ್ ಇಲ್ಲದ ಬಣ್ಣವಾದರೆ ಉಜ್ಜುವಾಗ ಬಿಳಿ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತುತ್ತದೆ. ಗಾಬರಿ ಬೇಡ, ಆದರೆ ಕೈ ಹಗುರ ಇರಲಿ.

ಕಡು ಬಣ್ಣಕ್ಕೆ ಬಿಸಿಲಲ್ಲಿ ಪಾಲಿಶ್ ಮಾಡಲೇಬಾರದು. ಏಪ್ರಿಲ್ ತಿಂಗಳಲ್ಲಿ ನಮ್ಮ ಬಾನೆಟ್ ಮೇಲೆ ಕೈ ಇಡಲಿಕ್ಕೇ ಆಗುವುದಿಲ್ಲ. ಬಿಸಿ ತಗಡಿನ ಮೇಲೆ ಪಾಲಿಶ್ ಕೂಡಲೇ ಒಣಗಿ ಕಚ್ಚಿಕೊಳ್ಳುತ್ತದೆ, ಅದನ್ನು ಕೀಳಲು ಒತ್ತಿ ಒರೆಸಿದರೆ ಹೊಸ ಗೀರು. ಬೆಳಗಿನ ತಂಪಲ್ಲಿ, ಶೆಡ್ಡಿನ ಕೆಳಗೆ, ಎರಡಡಿ ಉದ್ದ ಎರಡಡಿ ಅಗಲದ ಜಾಗ ಮಾತ್ರ ತಗೊಂಡು, ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ನಾಲ್ಕೈದು ಹನಿ ಹಾಕಿದರೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸವಾಗುವುದಿಲ್ಲ, ಸುಮ್ನೆ ಪ್ಯಾಡ್ ತುಂಬಿಕೊಳ್ಳುತ್ತದೆ. ಈ ಪಾಲಿಶ್ ಒರೆಸಿ ತೆಗೆಯೋದು ಸುಲಭ, ಧೂಳು ಏಳುವುದಿಲ್ಲ, ಅದು ನನಗೆ ತುಂಬಾ ಇಷ್ಟವಾದ ಗುಣ. ಕಪ್ಪು ಪ್ಲಾಸ್ಟಿಕ್ ಬೀಡಿಂಗಿಗೆ ತಗುಲದ ಹಾಗೆ ನೋಡಿಕೊಳ್ಳಿ, ಒಣಗಿದರೆ ಅಂಚಿನಲ್ಲಿ ಬೆಳ್ಳಗೆ ಕೂರುತ್ತದೆ.

ನಮ್ಮ ಊರಿನ ಗಾಡಿಗಳಿಗೆ ಹೆಚ್ಚು ಪೆಟ್ಟು ಬೀಳುವುದು ಎಲ್ಲಿ ಗೊತ್ತಾ? ಆಯುಧ ಪೂಜೆಯಲ್ಲಿ. ಪೂಜೆ ಬೇಡ ಅನ್ನುವವನು ನಾನಲ್ಲ, ಪ್ರತಿ ವರ್ಷ ಮಾಡುತ್ತೇವೆ, ಬೂದುಗುಂಬಳ ಒಡೆಯುತ್ತೇವೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಆದರೆ ಬಾನೆಟ್ ಮೇಲೆ ಬಳಿದ ವಿಭೂತಿ, ಗಂಧ, ಕುಂಕುಮ ಒಣಗಿದ ಮೇಲೆ ಮಾರನೇ ದಿನ ಒಣ ಬಟ್ಟೆಯಲ್ಲಿ ಉಜ್ಜುತ್ತಾರಲ್ಲ, ಅಲ್ಲಿಗೆ ಮುಗಿಯಿತು. ಮೂರು ಬೆರಳಿನ ಅಗಲದಲ್ಲಿ ಮಂಕು ಪಟ್ಟೆ. ಸೇವಂತಿಗೆ ಹಾರ ಕಟ್ಟಿಕೊಂಡೇ ಹೆದ್ದಾರಿಯಲ್ಲಿ ಹೋದರೆ ಹಾರದ ದಾರ ಗಾಳಿಗೆ ಬಡಿದು ಬಡಿದು ಬಣ್ಣ ಉಜ್ಜುತ್ತದೆ. ಬಾಳೆಕಂದಿನ ಸೊನೆ ತಗುಲಿದರೆ ಕಂದು ಕಲೆ. "ಅಮ್ಮ, ಬಾನೆಟ್‌ಗೆ ಬೇಡ, ಗಾಜಿಗೆ ಇಡು" ಅಂದೆ. "ಗಾಜಿಗೆ ಇಟ್ರೆ ಗಾಡಿಗೆ ಇಟ್ಟಂಗಾಯ್ತೇನೋ?" ಅಂದರು. ಕೊನೆಗೆ ನಂಬರ್ ಪ್ಲೇಟಿಗೆ ಒಪ್ಪಿದರು. ಬಾನೆಟ್‌ಗೇ ಇಡಬೇಕು ಅನ್ನುವವರು ಸಂಜೆಯೇ ಧಾರಾಳವಾಗಿ ನೀರು ಸುರಿದು ನೆನೆಸಿ, ತಾನಾಗಿ ಹರಿದುಹೋಗುವಷ್ಟು ಹೋಗಲಿ, ಆಮೇಲೆ ಶಾಂಪೂ ನೀರಲ್ಲಿ ಮೆಲ್ಲಗೆ ತೊಳೆಯಿರಿ.

ಬೋರ್ ನೀರು ಎರಡನೇ ಶತ್ರು. ಕಾವೇರಿ ನೀರು ಬರುವ ಬಡಾವಣೆಯವರಿಗೆ ಅಷ್ಟು ಗೊತ್ತಾಗಲಿಕ್ಕಿಲ್ಲ. ಬೋರ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ಪ್ರತಿ ಹನಿಯೂ ಬಿಳಿ ಉಂಗುರ ಬಿಟ್ಟು ಹೋಗುತ್ತದೆ, ಅದು ನೀರಲ್ಲಿದ್ದ ಸುಣ್ಣದ ಅಂಶ. ಹೊಸದಾಗಿದ್ದರೆ ವಿನೆಗರ್‌ಗೆ ಸಮ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದರೆ ಹೋಗುತ್ತದೆ. ಪಾಲಿಶ್‌ನಿಂದ ಉಜ್ಜಿ ತೆಗೆಯಲು ಹೋಗಬೇಡಿ, ಅದಕ್ಕೆ ಕ್ಲಿಯರ್ ಕೋಟ್ ಸವೆಸೋದು ದಂಡ. ಹಕ್ಕಿ ಹಿಕ್ಕೆಯೂ ಹಾಗೇ, ಮರದ ಕೆಳಗೆ ನಿಲ್ಲಿಸಿದರೆ ಅದೇ ದಿನ ತೊಳೆದುಬಿಡಿ, ಬಿಸಿಲಲ್ಲಿ ಬಿಟ್ಟರೆ ಬಣ್ಣವನ್ನೇ ತಿನ್ನುತ್ತದೆ. ಮಂಡ್ಯ ಕಡೆ ಆಲೆಮನೆಗಳು ನಡೆಯುವ ಕಾಲದಲ್ಲಿ ಬೀಳುವ ಕರಿಯನ್ನು ಕೈಯಿಂದ ಒರೆಸಬೇಡಿ, ಪೈಪ್ ನೀರು ಹಾಯಿಸಿ.

ಅಲ್ಟಿಮೇಟ್ ಪಾಲಿಶ್‌ನ ಕೊರತೆ ಅಂದರೆ ಕಾಪು. ಅದರಲ್ಲಿ ರಕ್ಷಣೆ ಇಲ್ಲ, ಮೇಲೆ ವ್ಯಾಕ್ಸ್ ಹಾಕಲೇಬೇಕು, ಅದು ಬೇರೆ ಖರ್ಚು. ನಾನು ಕಾರ್ನೌಬಾ ವ್ಯಾಕ್ಸ್ ಹಾಕುತ್ತಿದ್ದೆ, ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ಕಡು ಬಣ್ಣಕ್ಕೆ ಅದರ ಕಾಂತಿ ಬಹಳ ಚೆಂದ, ಆದರೆ ಬೇಸಿಗೆಯಲ್ಲಿ ಬೇಗ ಕೈ ಕೊಡುತ್ತದೆ. ಈಗ ವ್ಯಾಕ್ಸ್ ಬದಲಿಗೆ ಹಾಕುವ ಸಿಂಥೆಟಿಕ್ ಸೀಲೆಂಟ್‌ಗೆ ಬದಲಾಯಿಸಿದ್ದೇನೆ, ಕಾಂತಿ ಒಂದು ಗುಲಗಂಜಿ ಕಡಿಮೆ, ಬಾಳಿಕೆ ಜಾಸ್ತಿ. ಸಿರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಕಾಪು, ಮಾಡಿಸುವವರೂ ಒಂದು ತಿಳಿದಿರಿ, ಕೋಟಿಂಗ್ ಗೀರನ್ನು ಅಳಿಸುವುದಿಲ್ಲ. ಪಾಲಿಶ್ ಸರಿಯಾಗಿ ಮಾಡದೆ ಕೋಟಿಂಗ್ ಹಾಕಿದರೆ ಗೀರುಗಳು ಅದರ ಕೆಳಗೆ ಭದ್ರವಾಗಿ ಕೂರುತ್ತವೆ.

ಬೆಲೆ ನಮ್ಮ ಅಂಗಡಿಗಳ ಮಾಮೂಲಿ ಪಾಲಿಶ್‌ಗಿಂತ ಜಾಸ್ತಿ, ಹೌದು. ಆದರೆ 473 ಮಿಲಿ ಬಾಟಲಿ ಬಹಳ ಕಾಲ ಬರುತ್ತದೆ, ಯಾಕೆಂದರೆ ಸರಿಯಾಗಿ ತೊಳೆಯೋದು ಕಲಿತ ಮೇಲೆ ಪೂರ್ತಿ ಗಾಡಿಗೆ ವರ್ಷಕ್ಕೊಮ್ಮೆ ಹಾಕಿದರೂ ಸಾಕಾಗುತ್ತಿದೆ. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಒಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಾಡಿಸಿ ಆಮೇಲೆ ಶಾಂಪೂಗೆ ಅದ್ದೋದು. ಅದನ್ನು ಮನೆ ಬಟ್ಟೆಯ ಜೊತೆ ಒಗೆಯಲು ಹಾಕಬಾರದು, ಕಂಫರ್ಟ್ ಹಾಕಬಾರದು, ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಗಾಡಿಗೆ ಮುಟ್ಟಿಸಬಾರದು.

ಕೈಯಲ್ಲೇ ಮಾಡುವವರಾದರೆ, ಗಾಡಿ ಹೊಸದಾಗಿದ್ದರೆ, ಅಲ್ಟಿಮೇಟ್ ಪಾಲಿಶ್ ಒಂದು ಬಾಟಲಿ, ಒಳ್ಳೆ ಸೀಲೆಂಟ್ ಒಂದು, ಅಷ್ಟೇ ತಗೊಳ್ಳಿ. ಗಾಡಿಗೆ ವರ್ಷಗಳಾಗಿದ್ದು ಬಿಸಿಲಲ್ಲಿ ಬಲೆ ಎದ್ದು ಕಾಣುತ್ತಿದ್ದರೆ ಡ್ಯುಯಲ್ ಆಕ್ಷನ್ ಮೆಷಿನ್ ಇರುವವರನ್ನು ಹುಡುಕಿ, ಮೊದಲು ಡಿಕ್ಕಿಯ ಒಂದು ಮೂಲೆಯಲ್ಲಿ ಮಾಡಿಸಿ, ಆಲ್ಕೋಹಾಲ್‌ನಲ್ಲಿ ಒರೆಸಿ ತೋರಿಸಲು ಹೇಳಿ. ಒರೆಸಲು ಒಪ್ಪದವರಿಗೆ ಗಾಡಿ ಕೊಡಬೇಡಿ.