ಅಂಜೂರದ ತುಕ್ಕಿಗೆ ಯಾವುದು ವಾಸಿ: ಬೋರ್ಡೋ, ಗಂಧಕ, ಮ್ಯಾಂಕೋಜೆಬ್, ಮಜ್ಜಿಗೆ?

ಎಲೆಯ ಅಡಿಯಲ್ಲಿ ಕಂದು ಪುಡಿ ಕಂಡ ಮೇಲೆ ಆ ಎಲೆಯನ್ನು ಯಾವ ಔಷಧಿಯೂ ಉಳಿಸುವುದಿಲ್ಲ. ಹೊಸ ಎಲೆಗೆ ಹಬ್ಬದಂತೆ ತಡೆಯುವುದಷ್ಟೇ ಸಾಧ್ಯ. ಹಿತ್ತಿಲ ಗಿಡಗಳಿಗೆ ಹೊಡೆದು ನೋಡಿದ ನಾಲ್ಕರಲ್ಲಿ ನಮ್ಮ ಮೊದಲ ಮತ ಬೋರ್ಡೋ ದ್ರಾವಣಕ್ಕೆ, ಆದರೆ ಕಾಲ ನೋಡಿ.

10 ಲೀಟರಿಗೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಹೊಸ ಸುಟ್ಟ ಸುಣ್ಣ. ಎರಡನ್ನೂ ಐದೈದು ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟ್‌ಗಳಲ್ಲೇ ಕರಗಿಸಬೇಕು; ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ಹಾಲನ್ನು (ಬೆಳ್ಳಗೆ ಕದಡಿದ ನೀರನ್ನು) ಸೋಸಿ, ಕಲಕುತ್ತಾ ಅದಕ್ಕೆ ಮೈಲುತುತ್ತದ ನೀರು ಸುರಿಯಿರಿ. ಉಲ್ಟಾ ಸುರಿದರೆ ಒರಟು ಕಣವಾಗಿ ತಳಕ್ಕೆ ಕೂರುತ್ತದೆ, ನಳಿಗೆಯೂ ಕಟ್ಟಿಕೊಳ್ಳುತ್ತದೆ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ: ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಗಾಳಿಗೆ ಬಿದ್ದು ಹಳತಾದ ಸುಣ್ಣ ತಂದವರಿಗೆ ಆಗುವುದು ಬಹುಪಾಲು ಇದೇ. ಮಾಡಿದ ದಿನವೇ ಮುಗಿಸಿ. ಮರುದಿನಕ್ಕೆ ಅದರ ಅಂಟುವ ಗುಣ ಹೋಗುತ್ತದೆ. ಕೊಂಬೆ ಸವರಿದ ಮೇಲೆ ಒಮ್ಮೆ, ಚಿಗುರು ಬಲಿತ ಮೇಲೆ ಮಳೆ ಹಿಡಿಯುವ ಮುಂಚೆ ಇನ್ನೊಮ್ಮೆ. ಮಳೆಗೂ ಬೇಗ ತೊಳೆದು ಹೋಗದಿರುವುದೇ ಇದರ ಹೆಚ್ಚುಗಾರಿಕೆ. ಕಾಯಿ ಮೇಲೆ ಮಾತ್ರ ನೀಲಿ ಕಲೆ ಉಳಿಯುತ್ತದೆ.

ಕದಡುವ ಕೆಲಸ ಬೇಡವೆನ್ನುವವರಿಗೆ ನೀರಿನಲ್ಲಿ ಬೆರೆಯುವ 80% ಗಂಧಕದ ಪುಡಿ, ಲೀಟರಿಗೆ 3 ಗ್ರಾಂ. ಅಗ್ಗ, ಸುಲಭ, ತುಕ್ಕಿಗಿಂತ ಬೂದಿ ರೋಗಕ್ಕೆ ಹೆಚ್ಚು ಪಳಗಿದ್ದು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆಯಂಚು ಸುಡುತ್ತದೆ, ಹಾಗಾಗಿ ಬಳ್ಳಾರಿಯ ಬೇಸಿಗೆಗೆ ಒಗ್ಗದು. ಬೇವಿನೆಣ್ಣೆ ಹೊಡೆದು ಎರಡು ವಾರವಾದರೂ ಕಳೆದಿರಬೇಕು.

ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ (75% ಪುಡಿ, ಲೀಟರಿಗೆ 2 ಗ್ರಾಂ) ತುಕ್ಕಿಗೆ ಗಂಧಕಕ್ಕಿಂತ ಗಟ್ಟಿ. ಜಡಿಮಳೆಗೆ ತೊಳೆದು ಹೋಗುವುದರಿಂದ ಅಂಟು ದ್ರಾವಣ ಬೆರೆಸಬೇಕು, ಎಲೆಯಡಿ ತೋಯಬೇಕು. ತೊಡಕಿರುವುದು ಬೇರೆ ಕಡೆ: ಅಂಜೂರ ಒಮ್ಮೆಗೇ ಹಣ್ಣಾಗುವುದಿಲ್ಲ, ವಾರಗಟ್ಟಲೆ ಒಂದೊಂದಾಗಿ ಮಾಗುತ್ತದೆ. ಯಾವತ್ತು ಹೊಡೆದರೂ ನಾಳೆ ಕೀಳುವ ಹಣ್ಣಿಗೆ ತಗಲುತ್ತದೆ, ಸಿಪ್ಪೆಸಮೇತ ತಿನ್ನುವ ಹಣ್ಣು ಬೇರೆ. ಕಾಯಿ ಕಟ್ಟುವ ಮುಂಚೆ ಮಾತ್ರ ಬಳಸಿ.

ಹುಳಿ ಮಜ್ಜಿಗೆ ತುಕ್ಕಿಗೆ ಕೆಲಸಕ್ಕೆ ಬಾರದು. ಇರುವೆಗೆ ಹಬ್ಬ, ಅಷ್ಟೇ.

ಹಣ್ಣಿನ ಕಾಲದಲ್ಲಿ ರೋಗ ಬಂದರೆ ಸಿಂಪರಣೆಯ ಯೋಚನೆ ಬಿಟ್ಟು ಕೆಳಗಿನ ಎಲೆಗಳನ್ನು ಕಿತ್ತು, ಉದುರಿದ್ದನ್ನೂ ಗುಡಿಸಿ ಸುಡಿ. ನೀರನ್ನು ಬುಡಕ್ಕಷ್ಟೇ ಬಿಡಿ, ಎಲೆ ತೋಯಿಸಬೇಡಿ.