ಹಳೇ ಕಂಪ್ಯೂಟರಿನಲ್ಲಿ ಸರ್ವರ್ ಮಾಡ್ತೀರಾ? ಮೊದಲು ಆ 60 ರೂಪಾಯಿ ವೈರು ನೋಡಿ

ಕಳೆದ ಜುಲೈ, ರಾತ್ರಿ ಹತ್ತೂವರೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಜಡಿಮಳೆ. "ರೀ, ಏನೋ ಸುಟ್ಟ ವಾಸನೆ!" ಅಂತ ಹೆಂಡತಿ ಕೂಗಿದಳು. ಒಲೆ ಆರಿತ್ತು. ವಾಸನೆ ಬರುತ್ತಿದ್ದದ್ದು ಅಟ್ಟದ ಮೇಲಿದ್ದ ನನ್ನ ಸರ್ವರಿನಿಂದ.

ಸರ್ವರ್ ಅಂದರೆ ದೊಡ್ಡದೇನಲ್ಲ. ಮೂಲೆಗೆ ಬಿದ್ದಿದ್ದ 2012ರ ಕಂಪ್ಯೂಟರಿಗೆ, ಮನೆಯವರೆಲ್ಲ ಫೈಲು ಹಂಚಿಕೊಳ್ಳಲು ಬಳಸುವ ಸಾಫ್ಟ್‌ವೇರ್ ಓಪನ್‌ಮೀಡಿಯಾವಾಲ್ಟ್ ಹಾಕಿದ್ದೆ. ಮನೆಯವರ ಫೋಟೋ ಎಲ್ಲ ಒಂದೇ ಕಡೆ ಇರಲಿ ಅಂತ. ಡಿಸ್ಕಿಗಾಗಿ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಒಂದು ಅಂಗಡಿಯವ 2 ಟಿಬಿಯ ಎರಡು ಹಳೇ ಡಿಸ್ಕ್ ಕೊಟ್ಟ. "ಏಕದಮ್ ನಯಾ ಜೈಸಾ" ಅಂದ. ಮನೆಗೆ ಬಂದು ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ತೆಗೆದರೆ ಒಂದು ಡಿಸ್ಕ್ ಆಗಲೇ 31,000 ಗಂಟೆ ಓಡಿದೆ! ಹಗಲೂ ರಾತ್ರಿ ಬಿಡದೆ ಮೂರೂವರೆ ವರ್ಷ. ಯಾವುದೋ ಸಿಸಿಟಿವಿ ಪೆಟ್ಟಿಗೆಯಿಂದ ಕಿತ್ತದ್ದಿರಬೇಕು. ವಾಪಸ್ ಕೊಡಬೇಕಿತ್ತು. ಮತ್ತೆ ಅಷ್ಟು ದೂರ ಯಾರು ಹೋಗ್ತಾರೆ ಅಂತ ಸುಮ್ಮನಾದೆ. ಹೇಗೂ ರೇಡ್ 1 ಮಾಡ್ತೀನಿ, ಅಂದ್ರೆ ಎರಡು ಡಿಸ್ಕಿನಲ್ಲೂ ಅದೇ ಫೈಲುಗಳು, ಒಂದು ಹೋದರೆ ಇನ್ನೊಂದು ಇರುತ್ತೆ, ಅಲ್ವಾ?

ಹಳೇ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಪವರ್ ಪ್ಲಗ್ ಇದ್ದದ್ದು ಒಂದೇ. ಅದು ಕಂಪ್ಯೂಟರ್ ಶುರು ಮಾಡುವ ಬೂಟ್ ಡಿಸ್ಕಿಗೆ ಹೋಯಿತು. ಹಾಗಾಗಿ ಅದೇ ಅಂಗಡಿಯಿಂದ 60 ರೂಪಾಯಿಗೆ ತಂದಿದ್ದ ವೈರು ಹಾಕಿದೆ. ಒಂದು ಕಡೆ ಹಳೇ ಕಾಲದ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್, ಇನ್ನೊಂದು ಕಡೆ ಎರಡು ಸಾಟಾ ಪ್ಲಗ್. ಕೆಟ್ಟದ್ದು ಅಲ್ಲೇ.

ಈ ಅಗ್ಗದ ಪ್ಲಗ್ಗುಗಳಲ್ಲಿ ವೈರಿನ ತುದಿಗಳನ್ನು ಇಟ್ಟು ಮೇಲೆ ಪ್ಲಾಸ್ಟಿಕ್ ಕರಗಿಸಿ ಹೊಯ್ದಿರುತ್ತಾರೆ. ಒಳಗೆ 12 ವೋಲ್ಟಿನ ವೈರು ಪಕ್ಕದ ವೈರಿಗೆ ಎಷ್ಟು ಹತ್ತಿರ ಕೂತಿದೆ ಅಂತ ಹೊರಗಿಂದ ಕಾಣುವುದೇ ಇಲ್ಲ. ಬಿಸಿಯಾಗಿ ಆಗಿ ಒಂದು ದಿನ ಶಾರ್ಟ್ ಆಗುತ್ತದೆ. ಗಾಳಿಯಾಡದ ಅಟ್ಟದಲ್ಲಿಟ್ಟದ್ದು ನನ್ನದೇ ಬುದ್ಧಿ. ಒಳ್ಳೇ ಎಸ್‌ಎಂಪಿಎಸ್ ಆಗಿದ್ದರೆ ಶಾರ್ಟ್ ಆದ ಕೂಡಲೇ ತಾನೇ ಬಂದ್ ಆಗಬೇಕು. ನನ್ನದು 450 ವ್ಯಾಟ್ ಅಂತ ಲೇಬಲ್ ಹಚ್ಚಿಕೊಂಡು ಉರಿಯುತ್ತಲೇ ಇತ್ತು. ನಾನು ಮೇನ್ ಸ್ವಿಚ್ ಆರಿಸಿದೆ.

ಎರಡು ಡಿಸ್ಕಿಗೂ ಕರೆಂಟು ಹೋಗುತ್ತಿದ್ದದ್ದು ಅದೇ ವೈರಿನಿಂದ. ಎರಡೂ ಒಟ್ಟಿಗೆ ಹೋದವು. ರೇಡ್ ಏನು ಮಾಡುತ್ತೆ, ಪಾಪ!

ರಿಪೇರಿಯವನ ಹತ್ತಿರ ಒಯ್ದೆ. ಒಂದರ ಬೋರ್ಡು ಪೂರ್ತಿ ಕಪ್ಪಾಗಿತ್ತು. ಇನ್ನೊಂದರಲ್ಲಿ ಜಾಸ್ತಿ ವೋಲ್ಟೇಜ್ ಬಂದರೆ ತಾನು ಸತ್ತು ಡಿಸ್ಕ್ ಉಳಿಸುವ ಒಂದು ಚಿಕ್ಕ ಡಯೋಡ್ ಇರುತ್ತದಂತೆ. ಅದನ್ನು ಕಿತ್ತ ಮೇಲೆ ಡಿಸ್ಕ್ ತಿರುಗಿತು. ಆದರೆ ಬದುಕಿದ್ದು ಯಾವುದು ಗೊತ್ತಾ? ಆ 31,000 ಗಂಟೆಯ ಮುದುಕ. ಅದರಲ್ಲಿ ಅಲ್ಲಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಜಾಗ. 9,000 ರೂಪಾಯಿ ಕೊಟ್ಟರೂ ಅಪ್ಪನ ಷಷ್ಟ್ಯಬ್ದಿಯ ಫೋಟೋಗಳಲ್ಲಿ ಅರ್ಧದಷ್ಟು ತೆರೆಯಲೇ ಇಲ್ಲ.

ಹಳೇ ಬೋರ್ಡು, ರಾಮ್ ಬಳಸಿ, ಅಡ್ಡಿಯಿಲ್ಲ. ಎಸ್‌ಎಂಪಿಎಸ್ ಮಾತ್ರ ಹೊಸದು ತನ್ನಿ, ಬೇಕಾದಷ್ಟು ಸಾಟಾ ಪ್ಲಗ್ ಅದರಲ್ಲೇ ಇರುವಂಥದ್ದು. ವೈರು ಕವಲೊಡೆಸಲೇಬೇಕಾದರೆ, ಹಿಂದಿನ ಮುಚ್ಚಳ ತೆಗೆದಾಗ ಒಂದೊಂದು ವೈರೂ ಬೇರೆಬೇರೆಯಾಗಿ ಕಾಣುವ ಪ್ಲಗ್ ಕೇಳಿ. ಹಳೇ ಡಿಸ್ಕ್ ಕೊಳ್ಳುವುದಾದರೆ ಅಂಗಡಿಯಲ್ಲೇ ಸ್ಮಾರ್ಟ್ ರಿಪೋರ್ಟ್ ತೋರಿಸು ಅನ್ನಿ. ಓಡಿದ ಗಂಟೆಗಳ ಆ ಲೆಕ್ಕವನ್ನೂ ಸೊನ್ನೆ ಮಾಡಿ ಮಾರುವವರಿದ್ದಾರೆ, ಅದೂ ನೆನಪಿರಲಿ.

ನನ್ನ ಸರ್ವರ್ ಈಗ ನಡುಮನೆಯಲ್ಲಿ, ಫ್ಯಾನಿನ ಕೆಳಗಿದೆ. ಫೋಟೋಗಳ ಇನ್ನೊಂದು ಪ್ರತಿ ಉಡುಪಿಯಲ್ಲಿ, ಅಕ್ಕನ ಮನೆಯ ಕಪಾಟಿನಲ್ಲಿ, ಸೀರೆಗಳ ನಡುವೆ.